ಗೋಡೆ ಮಾಲೀಕರದು, ಸಾಮಾನು ಯಾರದು?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನ ಗಾದೆಯನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕಲಿತವರು. ಊರು ಬಿಟ್ಟು ಮುಂಬಯಿಗೆ ಬರುವಾಗ ಅದನ್ನೂ ಟ್ರಂಕಿನಲ್ಲಿಟ್ಟುಕೊಂಡೇ ಬಂದೆವು. ಆದರೆ ಠಾಣೆಯಿಂದ ಕಲ್ಯಾಣದವರೆಗೆ, ಐರೋಲಿಯಿಂದ ಬೇಲಾಪುರದವರೆಗೆ ಬಾಡಿಗೆ ಮನೆಗಳಲ್ಲಿ ಬಾಳುತ್ತಿರುವ ನಾವು ಕನ್ನಡಿಗರು ಆ ಗಾದೆಯ ಮನುಷ್ಯನನ್ನೂ ಮೀರಿಸಿದ್ದೇವೆ. ಅವನು ಬೆಂಕಿ ಬಿದ್ದ ಮೇಲಾದರೂ ಗುದ್ದಲಿ ಹಿಡಿದ. ನಾವು ಬೆಂಕಿ ಬಿದ್ದ ಮೇಲೆ ಸಂಘದ ಕಚೇರಿಗೆ ಬಂದು ಸಹಾಯ ನಿಧಿಯ ರಸೀದಿ ಪುಸ್ತಕ ಹೊರಗೆ ತೆಗೆಯುತ್ತೇವೆ.

ನಾವು ಆಡಹೊರಟಿರುವುದು ಬಾಡಿಗೆ ಮನೆಯಲ್ಲಿರುವವರ ಮನೆಸಾಮಾನಿನ ವಿಮೆಯ ಮಾತು. ‘ನಾಡು ನುಡಿಯ ಪ್ರಶ್ನೆಗಳು ಇಷ್ಟಿರುವಾಗ ಸಂಘದ ಪತ್ರಿಕೆಯಲ್ಲಿ ಪಾತ್ರೆ-ಪಡಗದ ಚರ್ಚೆಯೇ?’ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಹೊರನಾಡಿನಲ್ಲಿ ಕನ್ನಡ ಉಳಿಯಬೇಕಾದರೆ ಮೊದಲು ಇಲ್ಲಿ ಕನ್ನಡಿಗರ ಸಂಸಾರಗಳು ಉಳಿಯಬೇಕು. ಒಂದು ರಾತ್ರಿಯ ನೆರೆಗೆ ಹತ್ತು ವರ್ಷದ ಗಳಿಕೆಯನ್ನು ಕಳೆದುಕೊಂಡು, ಮಕ್ಕಳನ್ನು ಶಾಲೆಯಿಂದ ಬಿಡಿಸಿ ಊರಿನ ಬಸ್ಸು ಹತ್ತುವ ಕುಟುಂಬ ಇಲ್ಲಿ ಯಾವ ಕನ್ನಡವನ್ನು ಉಳಿಸೀತು? ಆದ್ದರಿಂದ ಈ ಪಾತ್ರೆ-ಪಡಗದ ಮಾತು ನಮ್ಮ ದೃಷ್ಟಿಯಲ್ಲಿ ಸಂಘದ ಕೆಲಸವೇ ಆಗಿದೆ.

2019ರ ಜುಲೈ 26ರ ರಾತ್ರಿಯನ್ನು ವಾಚಕರು ನೆನಪಿಸಿಕೊಳ್ಳಲಿ. ಉಲ್ಹಾಸ ನದಿ ಉಕ್ಕಿ, ಬದ್ಲಾಪುರ ಮತ್ತು ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಗಾಡಿ ಸಾವಿರದಷ್ಟು ಪ್ರಯಾಣಿಕರನ್ನು ಹೊತ್ತು ನೀರಿನ ನಡುವೆ ನಿಂತುಬಿಟ್ಟಿತು. ಮರುದಿನ ಅವರನ್ನು ದೋಣಿಗಳಲ್ಲಿ ದಡ ಸೇರಿಸಿದ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲಿ ಬಂದವು. ಅದೇ ಮಳೆಯ ನೀರು ಕಲ್ಯಾಣದ ತಗ್ಗಿನ ಬಡಾವಣೆಗಳಿಗೂ ನುಗ್ಗಿತು. ಅದರ ಚಿತ್ರ ಯಾರೂ ತೆಗೆಯಲಿಲ್ಲ. ಅಲ್ಲಿ ನಮಗೆ ಚೆನ್ನಾಗಿ ಪರಿಚಯದ, ವಿಜಾಪುರದ ಕಡೆಯ ಒಂದು ಸಂಸಾರ ನೆಲ ಅಂತಸ್ತಿನಲ್ಲಿ ಬಾಡಿಗೆಗಿತ್ತು. ಯಜಮಾನರಿಗೆ ಖಾಸಗಿ ಗೋದಾಮಿನಲ್ಲಿ ಕೆಲಸ. ಮನೆಯಾಕೆ ರವಿಕೆ ಹೊಲಿದು ನಾಲ್ಕು ಕಾಸು ಸಂಪಾದಿಸುತ್ತಿದ್ದರು. ನೀರು ಸೊಂಟದವರೆಗೆ ಬಂತು. ಫ್ರಿಜ್ ಮಲಗಿತು, ವಾಷಿಂಗ್ ಮೆಷಿನ್ ಕೆಟ್ಟಿತು, ಪ್ಲೈವುಡ್ಡಿನ ಕಪಾಟು ಉಬ್ಬಿ ಬಾಗಿಲು ತೆರೆಯದಾಯಿತು. ಮೋಟಾರು ಜೋಡಿಸಿದ ಹೊಲಿಗೆ ಯಂತ್ರ ಕೆಸರಿನಲ್ಲಿ ಹೂತುಹೋಯಿತು. ಎಲ್ಲಕ್ಕಿಂತ ಕಷ್ಟವಾದದ್ದು, ಶ್ರಾವಣದ ಮದುವೆಗಳಿಗೆಂದು ಗಿರಾಕಿಗಳು ಕೊಟ್ಟುಹೋಗಿದ್ದ ರೇಷ್ಮೆ ಬಟ್ಟೆ. ಅದರ ಬೆಲೆಯನ್ನು ಆಕೆಯೇ ಕಂತಿನಲ್ಲಿ ತೀರಿಸಬೇಕಾಯಿತು. ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ನಷ್ಟ.

ನಾವು ಏನು ಮಾಡಿದೆವು? ಚಂದಾ ಎತ್ತಿದೆವು. ಕೂಡಿದ್ದು ಹದಿನಾಲ್ಕು ಸಾವಿರದ ಐನೂರು ರೂಪಾಯಿ. ಅದನ್ನು ಆ ವರ್ಷದ ರಾಜ್ಯೋತ್ಸವದ ವೇದಿಕೆಯ ಮೇಲೆ, ಮುಖ್ಯ ಅತಿಥಿಗಳ ಕೈಯಿಂದ, ಲಕೋಟೆಯಲ್ಲಿ ಕೊಡಿಸಿ ಫೋಟೋ ತೆಗೆಸಿದೆವು. ಆ ತಾಯಿ ಅಂದಿನಿಂದ ಸಂಘದ ಯಾವ ಕಾರ್ಯಕ್ರಮಕ್ಕೂ ಬಂದುದನ್ನು ಕಾಣೆವು. ಒಮ್ಮೆ ಡೊಂಬಿವಲಿ ಸ್ಟೇಶನ್ನಿನ ಸೇತುವೆಯ ಮೇಲೆ ಎದುರಾದಾಗ ಕಾರಣ ಕೇಳಿದೆವು. ‘ಬರಬೇಕಂತ ಅನಸ್ತದರೀ ಅಣ್ಣಾರ. ಆದರ ಅಲ್ಲಿಗೆ ಬಂದರ ಎಲ್ಲಾರೂ ನನ್ನ ಸೀರಿ ನೋಡ್ತಾರ, ಹೊಸಾದೇನು ಅಂತ’ ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ. ಇಂದು ಬರೆಯುತ್ತಿರುವುದು ಆ ಉತ್ತರವನ್ನು ಹುಡುಕಿಯೇ.

ಅದೊಂದು ಅಪರೂಪದ ಘಟನೆ ಎನ್ನುವಂತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಬಿದ್ದ ದಿನ ಕಲ್ಯಾಣ, ಬದ್ಲಾಪುರಗಳೂ ಮುಳುಗಿದ್ದವು. 2016ರ ಮೇ 26ರಂದು ಡೊಂಬಿವಲಿಯ ಎಂ.ಐ.ಡಿ.ಸಿ. ಪ್ರದೇಶದ ರಾಸಾಯನಿಕ ಕಾರ್ಖಾನೆಯಲ್ಲಿ ಸ್ಫೋಟವಾಯಿತು. ಎಂಟು ವರ್ಷಗಳ ಮೇಲೆ, 2024ರ ಮೇ 23ರಂದು, ಅದೇ ಎಂ.ಐ.ಡಿ.ಸಿ.ಯಲ್ಲಿ ಮತ್ತೊಂದು ಕಾರ್ಖಾನೆ ಸಿಡಿಯಿತು. ಎರಡು ಸಲವೂ ಹಲವರು ಪ್ರಾಣ ಕಳೆದುಕೊಂಡರು; ಸುತ್ತಲಿನ ವಸತಿ ಕಟ್ಟಡಗಳ ಕಿಟಕಿಗಾಜುಗಳು ಪುಡಿಯಾದವು. 2015ರಲ್ಲಿ ಜುಲೈ ತಿಂಗಳ ಕೊನೆಗೆ ಠಾಕುರ್ಲಿಯಲ್ಲೊಂದು, ಆಗಸ್ಟ್ ತಿಂಗಳ ಮೊದಲಿಗೆ ಠಾಣೆಯ ನೌಪಾಡಾದಲ್ಲೊಂದು, ಹೀಗೆ ಒಂದು ವಾರದ ಅಂತರದಲ್ಲಿ ಎರಡು ಹಳೆಯ ಕಟ್ಟಡಗಳು ಕುಸಿದು ಜನ ಸತ್ತರು. ನೀರು, ಬೆಂಕಿ, ಸ್ಫೋಟ, ಕುಸಿತ, ಈ ನಾಲ್ಕೂ ನಮ್ಮ ನೆರೆಹೊರೆಯ ಸಂಗತಿಗಳೇ.

ಇಂಥ ದಿನ ಬಾಡಿಗೆದಾರನ ಸಾಮಾನಿಗೆ ಯಾರು ಹೊಣೆ? ಒಬ್ಬೊಬ್ಬರನ್ನಾಗಿ ವಿಚಾರಿಸೋಣ.

ಮೊದಲನೆಯವರು ಮನೆಯ ಮಾಲೀಕರು. ಅವರು ವಿಮೆ ಮಾಡಿಸಿದ್ದರೂ ಅದು ಅವರ ಗೋಡೆ, ಚಾವಣಿ, ಕಿಟಕಿಬಾಗಿಲುಗಳಿಗೆ ಮತ್ತು ಅವರದೇ ಆದ ಸಾಮಾನಿಗೆ. ನಾವು ತಂದ ಗಾದ್ರೆಜ್ ಕಪಾಟಿಗೂ ಅದಕ್ಕೂ ಸಂಬಂಧವಿಲ್ಲ. ಮೇಲಾಗಿ ನಾವು ಸಹಿ ಹಾಕುವ ಲೀವ್ ಅಂಡ್ ಲೈಸೆನ್ಸ್ ಕರಾರುಪತ್ರವನ್ನು ಎಷ್ಟು ಜನ ಓದಿದ್ದೇವೆ? ಲೈಸೆನ್ಸಿಯ ವಸ್ತುಗಳಿಗಾದ ನಷ್ಟಕ್ಕೆ ಮಾಲೀಕರು ಹೊಣೆಯಲ್ಲ ಎಂಬ ಸಾಲು ಅನೇಕ ಕರಾರುಗಳಲ್ಲಿರುತ್ತದೆ. ನಾವು ಕಣ್ಣುಮುಚ್ಚಿ ಹೆಬ್ಬೆಟ್ಟು ಒತ್ತಿ ಬರುತ್ತೇವೆ. ಹಿಂದಿನ ಕಾಲದ ಪಗಡಿ ಮನೆಯ ಬಾಡಿಗೆದಾರರಿಗೆ ಇದ್ದ ನೆಲೆ ನಮಗಿಲ್ಲ ಎಂಬುದನ್ನೂ ಮರೆಯಬಾರದು. 1973ರ ಫೆಬ್ರವರಿ 1ರಂದು ಮನೆಯಲ್ಲಿ ವಾಸವಾಗಿದ್ದ ಲೈಸೆನ್ಸಿಗಳಿಗೆ ಆಗಿನ ಮುಂಬಯಿ ಬಾಡಿಗೆ ಕಾಯಿದೆಯ ತಿದ್ದುಪಡಿ ಬಾಡಿಗೆದಾರರ ರಕ್ಷಣೆ ಕೊಟ್ಟಿತ್ತು. ಆ ದಿನ ಕಳೆದುಹೋಯಿತು. 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಕೆಳಗೆ, ಅವಧಿ ಮುಗಿದ ಮೇಲೂ ಮನೆ ಬಿಡದ ಲೈಸೆನ್ಸಿ ಎರಡು ಪಟ್ಟು ಬಾಡಿಗೆಯನ್ನು ದಂಡವಾಗಿ ತೆರಬೇಕು. ನಾವು ಆ ಮನೆಯ ಹನ್ನೊಂದು ತಿಂಗಳ ಅತಿಥಿಗಳು. ಅತಿಥಿಯ ಪೆಟ್ಟಿಗೆಯನ್ನು ಕಾಯುವ ಹೊಣೆ ಆತಿಥೇಯರದೆಂದು ಇಲ್ಲಿ ಯಾರೂ ಒಪ್ಪಿಲ್ಲ.

ಎರಡನೆಯದು ಹೌಸಿಂಗ್ ಸೊಸೈಟಿ. ಸಹಕಾರಿ ವಸತಿ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ ಕಟ್ಟಡವನ್ನು ಬೆಂಕಿ, ಭೂಕಂಪಗಳ ವಿರುದ್ಧ ವಿಮೆಗೊಳಪಡಿಸುವುದು ಸೊಸೈಟಿಯ ಕರ್ತವ್ಯ. ಅದರ ಖರ್ಚನ್ನು ಸದಸ್ಯರಿಂದ ತಿಂಗಳ ಬಿಲ್ಲಿನಲ್ಲಿ ವಸೂಲು ಮಾಡುತ್ತಾರೆ. ಮಾಲೀಕರು ತಾವಿರದೆ ನಮ್ಮಂಥವರನ್ನು ಇಟ್ಟಿದ್ದಾರೆಂಬ ಕಾರಣಕ್ಕೆ ಸೇವಾಶುಲ್ಕದ ಶೇಕಡಾ 10ರವರೆಗೆ ‘ನಾನ್ ಆಕ್ಯುಪೆನ್ಸಿ’ ಎಂಬ ಹೆಚ್ಚಿನ ಶುಲ್ಕವನ್ನೂ ಸೊಸೈಟಿ ಪಡೆಯಬಹುದು. ಆ ಹಣ ಸುತ್ತಿ ಬಳಸಿ ನಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ. ಇಷ್ಟಾದರೂ ಸೊಸೈಟಿಯ ಪಾಲಿಸಿ ಕಟ್ಟಡದ ಹೊಸ್ತಿಲಿನಿಂದ ಒಳಗೆ, ನಮ್ಮ ಸಾಮಾನಿನವರೆಗೆ ಬರುವುದಿಲ್ಲ. ಕಲ್ಯಾಣದ ಆ ಕಟ್ಟಡದಲ್ಲಿಯೂ ನೀರಿನ ಪಂಪು, ವಿದ್ಯುತ್ ಮೀಟರುಗಳ ದುರಸ್ತಿಗೆ ವಿಮೆಯ ಹಣ ಬಂತು. ಆ ತಾಯಿಯ ಹೊಲಿಗೆ ಯಂತ್ರಕ್ಕೆ ಬರಲಿಲ್ಲ. ಬರುವ ದಾರಿಯೇ ಇರಲಿಲ್ಲ.

ಮೂರನೆಯದು ಸರಕಾರ. ನೆರೆ ಇಳಿದ ಮೇಲೆ ತಲಾಠಿ ಬರುತ್ತಾರೆ, ಪಂಚನಾಮೆ ಆಗುತ್ತದೆ, ಪಟ್ಟಿ ಬರೆದುಕೊಳ್ಳುತ್ತಾರೆ. ವಿಪತ್ತು ಪರಿಹಾರ ನಿಧಿಗೆಂದು ಕೇಂದ್ರ ಗೃಹ ಮಂತ್ರಾಲಯ 2022ರಲ್ಲಿ ಗೊತ್ತುಮಾಡಿದ ಮಾನದಂಡ ಏನು ಬಲ್ಲಿರಾ? ಮನೆ ಕೊಚ್ಚಿಹೋದರೆ ಅಥವಾ ಎರಡು ದಿನಕ್ಕಿಂತ ಹೆಚ್ಚು ಕಾಲ ನೀರಿನಲ್ಲಿ ನಿಂತರೆ, ಬಟ್ಟೆಬರೆಗೆ ಕುಟುಂಬಕ್ಕೆ 2,500 ರೂಪಾಯಿ, ಪಾತ್ರೆ ಮತ್ತು ಮನೆಸಾಮಾನಿಗೆ ಇನ್ನೊಂದು 2,500 ರೂಪಾಯಿ. ರಾಜ್ಯ ಸರಕಾರ ಒಮ್ಮೊಮ್ಮೆ ತನ್ನ ಕೈಯಿಂದ ಒಂದಿಷ್ಟು ಸೇರಿಸುವುದುಂಟು. ಕೇಂದ್ರ ಸರಕಾರದ ಕಚೇರಿಯಲ್ಲಿ ಸುತ್ತೋಲೆಗಳ ನಡುವೆಯೇ ದಿನ ಕಳೆಯುವ ನಮಗೆ ಇಂಥ ಅಂಕಿಗಳ ಬಗ್ಗೆ ಸಿಟ್ಟು ಬರುವುದಿಲ್ಲ. ಬೊಕ್ಕಸ ಎಲ್ಲರಿಗೂ ಹಂಚಬೇಕಾದಾಗ ಕೊಡುವುದು ಇಷ್ಟೇ. ಆದರೆ ಅದನ್ನು ನಂಬಿ ಕುಳಿತ ನಮ್ಮ ಬುದ್ಧಿಗೆ ಏನೆನ್ನೋಣ?

ಹೀಗೆ ಮೂವರೂ ಕೈಚೆಲ್ಲಿದ ಮೇಲೆ ಉಳಿದವರು ನಾವೇ. ಈಗ ನಮ್ಮ ಲೆಕ್ಕವನ್ನು ನೋಡೋಣ. ತಿಂಗಳಿಗೆ 18,000 ರೂಪಾಯಿ ಬಾಡಿಗೆ, ಒಂದು ಲಕ್ಷ ಡಿಪಾಸಿಟ್ಟಿನ ಮನೆಯೊಂದನ್ನು ಹನ್ನೊಂದು ತಿಂಗಳಿಗೆ ಹಿಡಿದೆವೆನ್ನಿ. ಒಟ್ಟು ಬಾಡಿಗೆಗೆ ಡಿಪಾಸಿಟ್ಟಿನ ಮೇಲಿನ ಶೇಕಡಾ 10ರ ಬಡ್ಡಿಯನ್ನು ಕೂಡಿಸಿ, ಅದರ ಮೇಲೆ ಶೇಕಡಾ 0.25ರಂತೆ ಮುದ್ರಾಂಕ ಶುಲ್ಕ ಸುಮಾರು 520 ರೂಪಾಯಿ. ಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿಗೆ 1,000. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಅಂದರೆ 18,000. ಸಾಮಾನು ಸಾಗಿಸುವ ಟೆಂಪೋ, ಹಮಾಲಿ ಬೇರೆ. ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಖರ್ಚು ಮಾಡಿ, ಮೂರು-ನಾಲ್ಕು ಲಕ್ಷದ ಸಾಮಾನನ್ನು ಆ ಮನೆಯೊಳಗೆ ಇಟ್ಟು ಬೀಗ ಹಾಕಿ, ಅದರ ರಕ್ಷಣೆಗೆ ನಾವು ಖರ್ಚು ಮಾಡುವುದು ಬಾಗಿಲ ಮೇಲಿನ ಮಾವಿನ ತೋರಣಕ್ಕೆ ಮತ್ತು ಗಣಪತಿಯ ಪಟಕ್ಕೆ. ದೇವರ ಮೇಲಿನ ನಂಬಿಕೆಯನ್ನು ನಾವು ಹಳಿಯುತ್ತಿಲ್ಲ. ಆದರೆ ಅದೇ ದೇವರ ಪಟವನ್ನು ಸ್ಕೂಟರಿಗೂ ಅಂಟಿಸಿ, ಅದಕ್ಕೆ ವರ್ಷ ವರ್ಷ ವಿಮೆಯನ್ನೂ ಮಾಡಿಸುತ್ತೇವಲ್ಲ? ಅಲ್ಲಿ ಟ್ರಾಫಿಕ್ ಪೊಲೀಸನ ಭಯವಿದೆ. ಮನೆಯ ಮಟ್ಟಿಗೆ ಕೇಳುವ ಪೊಲೀಸನಿಲ್ಲ, ಆದ್ದರಿಂದ ವಿಮೆಯೂ ಇಲ್ಲ. ಬೇರೆಯವರು ಗದರಿಸಿದರೆ ಮಾತ್ರ ನಮ್ಮ ಹಿತವನ್ನು ನಾವು ಕಾಯುವುದೆಂದಾದರೆ ಓದುಬರಹ ಕಲಿತು ಬಂದ ಫಲವೇನು?

ಫ್ರಾನ್ಸ್ ದೇಶದಲ್ಲಿ 1989ರ ಬಾಡಿಗೆ ಕಾಯಿದೆ ಬಾಡಿಗೆದಾರನು ವಿಮೆ ಪಡೆದೇ ತೀರಬೇಕೆಂದು ವಿಧಿಸುತ್ತದೆ. ಮಾಲೀಕರು ಕೇಳಿದರೆ ಅವನು ವರ್ಷಕ್ಕೊಮ್ಮೆ ಪ್ರಮಾಣಪತ್ರ ತೋರಿಸಬೇಕು. ಅಮೆರಿಕದಲ್ಲಿ ಅನೇಕ ಮಾಲೀಕರು ಬಾಡಿಗೆದಾರನ ವಿಮೆಯನ್ನು ಕರಾರಿನ ಶರತ್ತಾಗಿಯೇ ಬರೆಸುತ್ತಾರೆ. ನಮ್ಮ ಮಕ್ಕಳು ನ್ಯೂಜೆರ್ಸಿಗೆ ಹೋದ ಮೊದಲ ವಾರವೇ ಅದನ್ನು ಮಾಡಿಸಿ ನಮಗೆ ಫೋನಿನಲ್ಲಿ ಹೇಳುತ್ತಾರೆ. ನಾವು ಡೊಂಬಿವಲಿಯಲ್ಲಿ ಕುಳಿತು ‘ಹೌದೇನೋ’ ಎಂದು ಬೆರಗಾಗುತ್ತೇವೆ.

ಇಲ್ಲಿ ಅಂಥ ಪಾಲಿಸಿ ಸಿಗುವುದಿಲ್ಲವೇ? ಧಾರಾಳವಾಗಿ ಸಿಗುತ್ತದೆ. ಸಾಮಾನ್ಯ ವಿಮೆ 1973ರಲ್ಲಿ ರಾಷ್ಟ್ರೀಕರಣವಾಗಿ ನಾಲ್ಕು ಸರಕಾರಿ ಕಂಪನಿಗಳ ಕೈಗೆ ಬಂದ ಮೇಲೆ ಗೃಹಸ್ಥರ ಪಾಲಿಸಿ ಎಂಬುದು ನಡೆದುಬಂದಿದೆ. ಈಗ ಅದಕ್ಕಿಂತ ಸರಳವಾದ ದಾರಿಯೂ ಇದೆ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ, ಮನೆಗಳಿಗೆ ಬೆಂಕಿ ವಿಮೆ ಮಾರುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡಬೇಕು. ಕಟ್ಟಡಕ್ಕೆ ಮಾತ್ರ, ಸಾಮಾನಿಗೆ ಮಾತ್ರ, ಅಥವಾ ಎರಡಕ್ಕೂ, ಹೀಗೆ ಬೇಕಾದಂತೆ ಪಡೆಯಬಹುದು. ಬಾಡಿಗೆದಾರನಿಗೆ ಬೇಕಾದುದು ‘ಸಾಮಾನಿಗೆ ಮಾತ್ರ’ ಎಂಬ ಭಾಗ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ನೀರು ನುಗ್ಗುವುದು, ಭೂಕುಸಿತ, ಗಲಭೆ, ನೀರಿನ ಟಾಕಿ ಅಥವಾ ನಳಿಗೆ ಒಡೆಯುವುದು ಇವೆಲ್ಲ ಅದರಲ್ಲಿ ಸೇರಿವೆ. ಅಂದರೆ ಕಲ್ಯಾಣದ ನೀರೂ ಡೊಂಬಿವಲಿಯ ಸ್ಫೋಟವೂ ಅದರೊಳಗೆ ಬರುತ್ತವೆ. ಸ್ಫೋಟದಲ್ಲಿ ಒಡೆದ ಕಿಟಕಿಗಾಜು ಮಾಲೀಕರ ಲೆಕ್ಕ. ಗೋಡೆಯಿಂದ ಕಳಚಿ ಬಿದ್ದ ಟಿ.ವಿ. ನಮ್ಮ ಲೆಕ್ಕ. ಗೋಡೆ-ಸಾಮಾನಿನ ಈ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ವಿಮೆ ತಿಳಿದಂತೆ.

ಇನ್ನೊಂದು ಗುಣವೂ ಅದಕ್ಕಿದೆ. ಬೇರೆ ಅನೇಕ ಪಾಲಿಸಿಗಳಲ್ಲಿ ನಾಲ್ಕು ಲಕ್ಷದ ಸಾಮಾನಿಗೆ ಎರಡು ಲಕ್ಷದ ವಿಮೆ ಮಾಡಿಸಿದ್ದರೆ, ಒಂದು ಲಕ್ಷದ ನಷ್ಟಕ್ಕೆ ಐವತ್ತು ಸಾವಿರವೇ ಕೈಗೆ ಬರುತ್ತದೆ. ಅರ್ಧ ವಿಮೆಗೆ ಅರ್ಧ ಪರಿಹಾರ ಎಂಬ ತ್ರೈರಾಶಿ. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತವನ್ನು ಕೈಬಿಟ್ಟಿದ್ದಾರೆ. ಕಂತಿನ ದರ ಕಂಪನಿಯಿಂದ ಕಂಪನಿಗೆ ಬೇರೆ. ಆದರೂ ಮಧ್ಯಮ ವರ್ಗದ ಒಂದು ಸಂಸಾರದ ಸಾಮಾನಿಗೆ ವರ್ಷಕ್ಕೆ ಕೆಲವು ನೂರು ರೂಪಾಯಿಗಳಿಂದ ಹೆಚ್ಚೆಂದರೆ ಒಂದೆರಡು ಸಾವಿರದ ಮಾತು. ದಲ್ಲಾಳಿಗೆ ಕೊಟ್ಟ ಹದಿನೆಂಟು ಸಾವಿರವನ್ನು ಪಕ್ಕಕ್ಕಿಟ್ಟು ನೋಡಿ.

ಇಲ್ಲಿಗೆ ನಮ್ಮವರ ಆಕ್ಷೇಪಣೆಗಳು ಆರಂಭವಾಗುತ್ತವೆ. ‘ಬಾಡಿಗೆ ಮನೆಗೆ ಎಂಥ ವಿಮೆ ಮಾರಾಯ್ರೆ? ಸ್ವಂತದ್ದು ಆಗ್ಲಿ, ಮತ್ತೆ ನೋಡುವ’ ಎಂದು ವಾಶಿಯ ಹೋಟೆಲೊಂದರಲ್ಲಿ ಮ್ಯಾನೇಜರಾಗಿರುವ ಹಿರಿಯ ಮಿತ್ರರು ನಕ್ಕರು. ಅವರಿಗೆ ನಾವು ಹೇಳಿದ್ದು ಇಷ್ಟೇ: ಸ್ವಂತ ಮನೆ ಆಗುವ ತನಕ ಇರುವ ಸ್ವತ್ತೆಲ್ಲ ಈ ಸಾಮಾನೇ ಅಲ್ಲವೇ? ಫ್ಲ್ಯಾಟಿನ ಮಾಲೀಕನಿಗೆ ಸಾಮಾನು ಹೋದರೂ ಗೋಡೆ ಉಳಿಯುತ್ತದೆ. ನಮಗೆ ಸಾಮಾನು ಹೋದರೆ ಉಳಿಯುವುದು ಡಿಪಾಸಿಟ್ಟಿನ ರಸೀದಿ. ವಿಮೆಯ ಅಗತ್ಯ ಯಾರಿಗೆ ಹೆಚ್ಚು?

‘ಏನೂ ಆಗದಿದ್ದರೆ ಕಟ್ಟಿದ ಹಣ ದಂಡವಲ್ಲವೇ?’ ಎಂಬುದು ಎರಡನೆಯ ಪ್ರಶ್ನೆ. ಇದು ಜೀವ ವಿಮೆಯಿಂದ ಬಂದ ಅಭ್ಯಾಸ. 1956ರಲ್ಲಿ ಜೀವ ವಿಮಾ ನಿಗಮ ಸ್ಥಾಪನೆಯಾದಂದಿನಿಂದ ನಮ್ಮ ಮನೆಗಳಲ್ಲಿ ವಿಮೆಯೆಂದರೆ ಅವಧಿ ಮುಗಿದಾಗ ಬೋನಸ್ ಸಹಿತ ಮರಳಿ ಬರುವ ಹಣ. ಮಗಳ ಮದುವೆಗೆಂದು ಮಾಡಿಸಿದ್ದು, ಭಾವನ ಮುಲಾಜಿಗೆಂದು ಮಾಡಿಸಿದ್ದು. ಸಾಮಾನಿನ ವಿಮೆ ಆ ಜಾತಿಗೆ ಸೇರಿದ್ದಲ್ಲ. ಅದನ್ನು ಬಾಗಿಲ ಬೀಗಕ್ಕೆ ಹೋಲಿಸಬೇಕು. ಇಡೀ ವರ್ಷ ಕಳ್ಳ ಬರಲಿಲ್ಲವೆಂದು ಬೀಗವನ್ನು ಅಂಗಡಿಗೆ ಒಯ್ದು ಹಣ ವಾಪಸು ಕೇಳುವವರುಂಟೆ?

‘ವಿಮೆಯವರು ಕೊಡುವಾಗ ನೂರು ತಕರಾರು ತೆಗೆಯುತ್ತಾರೆ’ ಎಂಬ ಮೂರನೆಯ ಮಾತಿನಲ್ಲಿ ಸತ್ಯವಿದೆ. ಅದನ್ನು ಮುಚ್ಚಿಟ್ಟು ವಿಮೆಯನ್ನು ಹೊಗಳಲು ನಾವು ಏಜೆಂಟರಲ್ಲ. ಕೊಳ್ಳುವ ಮೊದಲೇ ಯಾವುದು ಸಿಗದು ಎಂಬುದನ್ನು ತಿಳಿಯಬೇಕು. ನಗದು ಹಣಕ್ಕೆ ಪರಿಹಾರವಿಲ್ಲ. ಒಡವೆಯಂಥ ಬೆಲೆಬಾಳುವ ವಸ್ತುಗಳನ್ನು ಬೇರೆಯಾಗಿ ಬರೆಸಿ, ಹೆಚ್ಚಿನ ಕಂತು ಕಟ್ಟಬೇಕು. ಬೆಂಕಿ, ನೆರೆಯಂಥ ಅನಾಹುತದ ಗೊಂದಲದಲ್ಲಿ ಏಳು ದಿನಗಳೊಳಗೆ ಆದ ಕಳವನ್ನಷ್ಟೇ ಭಾರತ್ ಗೃಹ ರಕ್ಷಾ ತುಂಬಿಕೊಡುತ್ತದೆ. ನೀವು ದೀಪಾವಳಿಗೆ ಊರಿಗೆ ಹೋದಾಗ ಬೀಗ ಮುರಿದು ಆದ ಕಳವಿಗೆ ಅದರಲ್ಲಿ ಜಾಗವಿಲ್ಲ. ಅದಕ್ಕೆ ಕನ್ನಗಳವಿನ ಬೇರೆ ರಕ್ಷಣೆಯನ್ನು ಕೇಳಿ ಸೇರಿಸಿಕೊಳ್ಳಬೇಕು. ವರ್ಷಗಟ್ಟಲೆ ಗೋಡೆ ಜಿನುಗಿ ಹಾಸಿಗೆಗೆ ಬೂಷ್ಟು ಹಿಡಿದರೆ, ಹಳೆಯ ಫ್ರಿಜ್ ತಾನಾಗಿ ಸುಟ್ಟುಹೋದರೆ ಹಣ ಬರುವುದಿಲ್ಲ. ಈ ಸಾಲುಗಳೆಲ್ಲ ಪಾಲಿಸಿಯಲ್ಲೇ ಅಚ್ಚಾಗಿವೆ. ಓದದೆ ಸಹಿ ಹಾಕಿ ಆಮೇಲೆ ಮೋಸವಾಯಿತು ಎನ್ನುವವರ ಪಕ್ಷ ವಹಿಸಲಾರೆವು.

ಕಟ್ಟಡದ ಕುಸಿತದ ವಿಷಯದಲ್ಲಂತೂ ಯಾರೂ ಭ್ರಮೆಯಲ್ಲಿರಬಾರದು. ಕಟ್ಟುವಾಗಲೇ ಕಳಪೆಯಾದ, ವಯಸ್ಸಾಗಿ ತಾನಾಗಿ ಕುಸಿದ ಕಟ್ಟಡ ವಿಮೆಗೆ ಒಳಪಟ್ಟ ಅಪಘಾತವೆಂದು ಸಾಧಿಸುವುದು ಕಷ್ಟ. ಅನಧಿಕೃತ ಕಟ್ಟಡವನ್ನು ಪಾಲಿಕೆ ಕೆಡವಿದರೆ ಯಾವ ಪಾಲಿಸಿಯೂ ನೆರವಿಗೆ ಬಾರದು. 2024ರ ನವೆಂಬರಿನಲ್ಲಿ ಮುಂಬಯಿ ಹೈಕೋರ್ಟು ಕಲ್ಯಾಣ-ಡೊಂಬಿವಲಿ ಪಾಲಿಕೆಯ ವ್ಯಾಪ್ತಿಯ 65 ಅನಧಿಕೃತ ಕಟ್ಟಡಗಳನ್ನು ಕೆಡವಲು ಆಜ್ಞೆ ಮಾಡಿದ್ದು ಎಲ್ಲರಿಗೂ ತಿಳಿದದ್ದೇ. ಐನೂರು ರೂಪಾಯಿ ಕಡಿಮೆ ಬಾಡಿಗೆಯ ಆಸೆಗೆ ಪರವಾನಗಿ ಇಲ್ಲದ ಕಟ್ಟಡಕ್ಕೆ ಹೋಗುವವರಿಗೆ ವಿಮೆಯ ಉಪದೇಶಕ್ಕಿಂತ ಮೊದಲು ಬೇರೆ ಉಪದೇಶ ಬೇಕು. ಪಾಲಿಕೆ ಮಳೆಗಾಲಕ್ಕೆ ಮುಂಚೆ ಪ್ರಕಟಿಸುವ ಅಪಾಯಕಾರಿ ಕಟ್ಟಡಗಳ ಪಟ್ಟಿಯನ್ನು ಡಿಪಾಸಿಟ್ ಕೊಡುವ ಮೊದಲು ನೋಡಿ.

ಉಳಿದ ತಕರಾರುಗಳಿಗೆ ಮದ್ದು ನಮ್ಮ ಕೈಯಲ್ಲೇ ಇದೆ. ಒಂದು ಭಾನುವಾರ ಬೆಳಿಗ್ಗೆ ಮನೆಯ ಪ್ರತಿ ಕೋಣೆಯ, ಪ್ರತಿ ಕಪಾಟಿನ ಒಳಗಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯಿರಿ. ಯಂತ್ರಗಳ ಹಿಂದಿನ ನಂಬರನ್ನೂ ಅಂಗಡಿಯ ಬಿಲ್ಲನ್ನೂ ಚಿತ್ರದಲ್ಲಿ ಸೇರಿಸಿ. ಒಂದು ಕಾಗದದಲ್ಲಿ ಪಟ್ಟಿ ಬರೆಯಿರಿ: ವಸ್ತು, ಕೊಂಡ ವರ್ಷ, ಈಗ ಹೊಸದಕ್ಕೆ ತಗಲುವ ಬೆಲೆ. ಎಲ್ಲವನ್ನೂ ಊರಿನಲ್ಲಿರುವ ತಮ್ಮನಿಗೋ ತಂಗಿಗೋ ಕಳುಹಿಸಿಡಿ. ಪಟ್ಟಿಯೂ ನೀರಿನಲ್ಲಿ ಹೋಗಬಾರದಲ್ಲ. ನಷ್ಟವಾದ ಕೂಡಲೇ, ಕೆಸರು ತೊಳೆಯುವ ಮೊದಲೇ, ಚಿತ್ರ ತೆಗೆದು ಕಂಪನಿಗೆ ತಿಳಿಸಿ. ಪಂಚನಾಮೆಯ ಅಥವಾ ಅಗ್ನಿಶಾಮಕ ದಳದ ವರದಿಯ ಪ್ರತಿ ಪಡೆಯಿರಿ. ಸರ್ವೇಯರು ಬಂದು ನೋಡುವ ತನಕ ಹಾಳಾದ ವಸ್ತುಗಳನ್ನು ಗುಜರಿಗೆ ಕೊಡಬೇಡಿ. ಕಂಪನಿ ಹಣ ಕೊಡದಿದ್ದರೆ ಲಿಖಿತವಾಗಿ ದೂರು ಕೊಟ್ಟು, ಒಂದು ತಿಂಗಳು ಕಾದು, ವಿಮಾ ಲೋಕಪಾಲರ ಬಳಿಗೆ ಹೋಗಿರಿ. ಅಲ್ಲಿ ವಕೀಲರೂ ಬೇಡ, ಶುಲ್ಕವೂ ಇಲ್ಲ.

ಕಂಪನಿಗಳ ಮೇಲೂ ಸರಕಾರದ ಮೇಲೂ ನಮ್ಮ ದೂರು ಇದೆ. ಇಷ್ಟು ಉಪಯುಕ್ತವಾದ ಪಾಲಿಸಿಯನ್ನು ನಮ್ಮ ಬಾಗಿಲಿಗೆ ತಂದು ವಿವರಿಸಿದ ಏಜೆಂಟನನ್ನು ಇದುವರೆಗೆ ನಾವು ಕಂಡಿಲ್ಲ. ಕಂತು ಸಣ್ಣದು, ಕಮಿಶನ್ ಅದಕ್ಕಿಂತ ಸಣ್ಣದು. ಹಾಗಾಗಿ ಯಾರಿಗೂ ಉಮೇದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗಳ ಮೇಲಿನ ಜಿ.ಎಸ್.ಟಿ.ಯನ್ನು ತೆಗೆದುಹಾಕಿದ ಸರಕಾರ, ಮನೆಸಾಮಾನಿನ ವಿಮೆಯ ಮೇಲೆ ಶೇಕಡಾ 18ನ್ನು ಹಾಗೆಯೇ ಉಳಿಸಿಕೊಂಡಿತು. ನೆರೆ ಬಂದಾಗ 2,500 ರೂಪಾಯಿ ಕೊಡುವ ಕೈ, ನೆರೆಗೆ ಮೊದಲು ಎಚ್ಚರ ವಹಿಸಿದವನಿಂದ ತೆರಿಗೆ ವಸೂಲು ಮಾಡುವುದು ಯಾವ ನ್ಯಾಯ?

ಆದರೆ ಪರರನ್ನು ದೂರುವುದರಲ್ಲಿ ಲೇಖನ ಮುಗಿಸಿದರೆ ನಾವೂ ಹಳೆಯ ಚಾಳಿಯನ್ನೇ ಮಾಡಿದಂತಾದೀತು. ನಮ್ಮ ಮುಖ್ಯ ತಕರಾರು ನಮ್ಮ ಮೇಲೆಯೇ, ನಮ್ಮ ಸಂಘಗಳ ಮೇಲೆಯೇ. ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ಮಾಡುತ್ತೇವೆ. ವನಭೋಜನಕ್ಕೆ ಬಸ್ಸುಗಳ ದರವನ್ನು ನಾಲ್ಕು ಕಡೆ ವಿಚಾರಿಸಿ ಚೌಕಾಸಿ ಮಾಡುತ್ತೇವೆ. ಆ ಚೌಕಾಸಿಯ ಜಾಣತನ ಸದಸ್ಯರ ಮನೆಸಾಮಾನಿನ ವಿಷಯದಲ್ಲಿ ಎಲ್ಲಿ ಹೋಯಿತು? ಕೇಂದ್ರ ಸರಕಾರಿ ನೌಕರರಿಗೆ 1982ರಿಂದ ಗುಂಪು ವಿಮೆ ಇದೆ. ಸಂಬಳದಿಂದ ತಿಂಗಳಿಗೆ ಇಷ್ಟೆಂದು ಕಡಿಯುತ್ತಾರೆ. ಯಾರನ್ನೂ ಒಪ್ಪಿಸಲು ಹೋಗುವುದಿಲ್ಲ. ಅಕಾಲದಲ್ಲಿ ತೀರಿಹೋದ ಸಹೋದ್ಯೋಗಿಯ ಹೆಂಡತಿ ಮಕ್ಕಳ ಕೈಗೆ ಆ ಹಣ ಹಕ್ಕಿನಿಂದ ಬಂದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವರು ಯಾವ ವೇದಿಕೆಯನ್ನೂ ಹತ್ತಬೇಕಾಗಲಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಬೇಡಿಕೆಗಳನ್ನು ಇಡುತ್ತಿದ್ದೇವೆ. ಬರುವ ಮಳೆಗಾಲಕ್ಕೆ ಮುಂಚೆ, ಒಂದು ಭಾನುವಾರ, ಸಂಘದ ಸಭಾಗೃಹದಲ್ಲಿ ಮೂರು ಕಂಪನಿಗಳವರನ್ನು ಕರೆಸಿ ದರಪಟ್ಟಿಗಳನ್ನು ಎಲ್ಲರೆದುರು ಓದಿಸಬೇಕು. ಕಳವಿಗೆ ಎಷ್ಟು, ಒಡವೆಗೆ ಎಷ್ಟು, ಮನೆ ವಾಸಕ್ಕೆ ಬಾರದಂತಾದರೆ ಬೇರೆ ಮನೆಯ ಬಾಡಿಗೆಗೆ ಏನಾದರೂ ಉಂಟೆ, ನಮ್ಮ ಅಜಾಗ್ರತೆಯಿಂದ ಮಾಲೀಕರ ಗೋಡೆಗೆ ಹಾನಿಯಾದರೆ ಏನು, ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಒಬ್ಬ ಬಾಡಿಗೆದಾರ ಕೇಳಿದರೆ ಕಿವಿಗೊಡದವರು ನೂರು ಮನೆಯವರು ಒಟ್ಟಿಗೆ ಕೇಳಿದರೆ ಕಿವಿಗೊಡುತ್ತಾರೆ. ಅರ್ಜಿ ತುಂಬಲು ಬಾರದ ಸದಸ್ಯರಿಗೆ ನಮ್ಮ ಕಾಲೇಜು ಹುಡುಗ ಹುಡುಗಿಯರು ತುಂಬಿಕೊಡಲಿ. ಅದೂ ಒಂದು ಕನ್ನಡ ಸೇವೆ. ಸಹಾಯ ನಿಧಿಯಲ್ಲಿ ಕೊಳೆಯುತ್ತಿರುವ ಹಣದಿಂದ, ತೀರ ಕೈಲಾಗದ ಮನೆಗಳ ಮೊದಲ ವರ್ಷದ ಕಂತನ್ನು ಹೆಸರು ಪ್ರಕಟಿಸದೆ ಸಂಘವೇ ಕಟ್ಟಲಿ. ಹೋಟೆಲುಗಳ ಮಾಲೀಕರಾದ ನಮ್ಮ ಹಿರಿಯರು ತಮ್ಮ ನೌಕರರು ಒಟ್ಟಾಗಿ ಇರುವ ಕೋಣೆಗಳ ಟ್ರಂಕು, ಹಾಸಿಗೆ, ಮೊಬೈಲುಗಳ ಬಗ್ಗೆಯೂ ಯೋಚಿಸಲಿ.

ಚಂದಾ ಎತ್ತುವುದನ್ನು ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ಕಷ್ಟದಲ್ಲಿ ಕೈಹಿಡಿಯುವುದು ನಮ್ಮ ಹಿರಿಯರು ಬಿಟ್ಟುಹೋದ ಒಳ್ಳೆಯ ರೂಢಿ. ಆದರೆ ಚಂದಾ ಕೊಡುವವನಿಗೆ ಪುಣ್ಯ, ಪಡೆಯುವವನಿಗೆ ಋಣ. ವಿಮೆಯ ಹಣದಲ್ಲಿ ಯಾರ ಋಣವೂ ಇಲ್ಲ. ತಾನು ಕಟ್ಟಿದ ಕಂತಿಗೆ ತನಗೆ ಬರಬೇಕಾದ ಬಾಕಿ ಅದು. ಅಂಥ ಹಣದಿಂದ ಹೊಸ ಹೊಲಿಗೆ ಯಂತ್ರ ಕೊಂಡಿದ್ದರೆ ಕಲ್ಯಾಣದ ಆ ತಾಯಿ ರಾಜ್ಯೋತ್ಸವಕ್ಕೆ ಹೊಸ ಸೀರೆ ಉಟ್ಟು, ಯಾರ ಕಣ್ಣಿಗೂ ಹೆದರದೆ, ಮೊದಲ ಸಾಲಿನಲ್ಲಿ ಬಂದು ಕೂಡುತ್ತಿದ್ದರು.

ಈ ಮಾತಿಗೆ ಭಿನ್ನಾಭಿಪ್ರಾಯವಿರುವವರು ಮುಂದಿನ ಸಂಚಿಕೆಗೆ ಧಾರಾಳವಾಗಿ ಬರೆಯಲಿ. ಆದರೆ ಬರೆಯಲು ಕೂಡುವ ಮೊದಲು ಒಮ್ಮೆ ಎದ್ದು ಮನೆಯನ್ನೊಂದು ಸುತ್ತು ಹಾಕಿ, ಇದರಲ್ಲಿ ಯಾವುದು ಮಾಲೀಕರದು, ಯಾವುದು ತಮ್ಮದು ಎಂದು ಎಣಿಸಿ ಬರಲಿ. ಮಳೆಗಾಲ ಯಾರ ಉತ್ತರಕ್ಕೂ ಕಾಯುವುದಿಲ್ಲ.